ಹನ್ನೊಂದರ ಮೇಲೆ ಬಾ

ಮಾರ್ಚ್ 19

ಅಕ್ಕಾ,

ನಿನ್ನೆ, ಮಾರ್ಚ್ ಹದಿನೆಂಟರ ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ, ನಮ್ಮ ಬಡಾವಣೆಯ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ, ಬೆರಳೊಳಗೆ ಸೂಜಿ ಮುರಿದುಕೊಂಡು ಬಂದ ಹೆಂಗಸೊಬ್ಬಳನ್ನು ಚೀಟಿ ಕೊಡದೆ ವಾಪಸು ಕಳಿಸಿದರು. ಇದು ನಾನು ಕಣ್ಣಾರೆ ಕಂಡದ್ದು. ದಿನ, ಗಂಟೆ ಎರಡನ್ನೂ ಬರೆದಿಟ್ಟಿದ್ದೇನೆ. ನಾಳೆ ಯಾರೂ ಹಾಗೇನೂ ನಡೆದಿಲ್ಲ ಎನ್ನಬಾರದು.

ಅವಳು ನಮ್ಮ ಬೀದಿಯವಳೇ. ಹಳೆಯ ಬೈಂಡಿಂಗ್ ಅಂಗಡಿ ಇತ್ತಲ್ಲ, ಅದರ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಏಳು ವರ್ಷದಿಂದ ಮಷೀನು ಇಟ್ಟುಕೊಂಡಿದ್ದಾಳೆ. ಎಲ್ಲರೂ ಹೊಲಿಗೆಯಮ್ಮ ಅಂತಲೇ ಕರೆಯುವುದು. ದೂರದಿಂದ ಬಂದವಳು. ನಮ್ಮ ಮಾತನ್ನು ತನ್ನದೇ ರಾಗದಲ್ಲಿ ಆಡುತ್ತಾಳೆ. ದಪ್ಪ ಪ್ಯಾಂಟೊಂದರ ಅಂಚು ಹೊಲಿಯುವಾಗ ಸೂಜಿ ಮುರಿದು ಬಲಗೈ ತೋರುಬೆರಳಿನೊಳಗೆ ತುದಿ ಉಳಿದುಬಿಟ್ಟಿತಂತೆ. ಅಸ್ತರಿನ ಬಟ್ಟೆ ಸುತ್ತಿಕೊಂಡು ಓಡಿ ಬಂದಿದ್ದಳು.

ಚೀಟಿ ಬರೆಯುವ ಗುಮಾಸ್ತ ತಲೆ ಎತ್ತದೆ ಕೇಳಿದ. "ಇಲ್ಲಿಗೆ ಬಂದು ಎಷ್ಟು ವರ್ಷ?"

"ಏಳು."

"ಹನ್ನೊಂದರ ಮೇಲೆ ಬಾ."

"ಅಣ್ಣಾ, ಒಳಗೇ ಮುರಿದುಕೊಂಡಿದೆ. ನೋಡಿ."

"ಬೋರ್ಡು ನೋಡಮ್ಮಾ. ನಾನು ಬರೆದದ್ದಲ್ಲ ಅದು."

ನಿನಗೆ ಬೋರ್ಡಿನ ವಿಷಯ ತಿಳಿಯದು. ಫೆಬ್ರವರಿ ಒಂದರಿಂದ ಇಲ್ಲಿ ಹೊಸ ನಿಯಮ ಬಂದಿದೆ. ಬಡಾವಣೆಯ ಪಟ್ಟಿಯಲ್ಲಿ ಹದಿನೈದು ವರ್ಷದಿಂದ ಹೆಸರಿರುವವರಿಗೆ ಬೆಳಿಗ್ಗೆ ಹನ್ನೊಂದರವರೆಗೆ ಚೀಟಿ. ಮಿಕ್ಕವರಿಗೆ ಆಮೇಲೆ. ಡಾಕ್ಟರು ಹನ್ನೆರಡಕ್ಕೆ ಹೊರಡಬೇಕು, ಹನ್ನೊಂದೂವರೆಗೇ ಚೀಲ ಹೆಗಲಿಗೇರಿಸುತ್ತಾರೆ. ಆ ಅರ್ಧ ಗಂಟೆಯಲ್ಲಿ ಮಿಕ್ಕ ಊರೆಲ್ಲ ಗುಣವಾಗಬೇಕು!

ಆ ಕಟ್ಟಡ ಏಳುವಾಗ ನಾವಿಬ್ಬರೂ ಮರಳ ಗುಡ್ಡೆಯ ಮೇಲೆ ಆಡಿದವರು. ನೀನು ದೂಕಿ ನನ್ನ ಗಲ್ಲ ಒಡೆದಾಗ ಮೇಸ್ತ್ರಿಯೇ ಸುಣ್ಣದ ಕೈಯಲ್ಲಿ ಎತ್ತಿಕೊಂಡು ಮನೆಗೆ ತಂದ. ಯಾರ ಮಗ ಅಂತ ಕೇಳಿದನೇ ಹೊರತು ಎಷ್ಟು ವರ್ಷ ಆಯ್ತು ಅಂತ ಕೇಳಲಿಲ್ಲ. ಈ ಊರು ಹೀಗಿರಲಿಲ್ಲ.

ನಾನು ಪ್ರತಿಭಟಿಸಿದೆ. ಪತ್ರಿಕೆಗೂ ಬರೆಯುವವನಿದ್ದೇನೆ.

ನನ್ನ ಬಿ.ಪಿ. ಹದಕ್ಕೆ ಬಂದಿದೆ. ಒಂಬತ್ತನೇ ಚೀಟಿ ಸಿಕ್ಕಿತ್ತು, ಬೇಗ ಮುಗಿಯಿತು.

ನಿನ್ನ ತಮ್ಮ

&nbsp;

ಮಾರ್ಚ್ 31

ನಮ್ಮನೆ ಪಂಡಿತನಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ನನಗೂ ನಿನ್ನಷ್ಟೇ ಸಿಟ್ಟು ಬಂತು. ಎರಡನೇ ಸಲ ಆ ಒಂಬತ್ತನೇ ಚೀಟಿ ಕಣ್ಣಿಗೆ ಬಿತ್ತು.

ಅವಳು ಬಟ್ಟೆ ಸುತ್ತಿಕೊಂಡು ನಿಂತಿದ್ದಾಗ ನಿನ್ನ ಕೈಯಲ್ಲಿ ಅದು ಇತ್ತು ತಾನೇ? ಪ್ರತಿಭಟಿಸಿದೆ ಅಂತ ಬರೆದಿದ್ದೀಯ. ಗುಮಾಸ್ತ ಏನಂದ, ಅವಳೇನಂದಳು, ಎಲ್ಲ ಅಕ್ಷರಶಃ ಇದೆ. ನೀನೇನಂದೆ ಅನ್ನೋದು ಮಾತ್ರ ಇಲ್ಲ. ಗುಮಾಸ್ತನಿಗೆ ಅಂದೆಯೋ, ಮನೆಗೆ ಬಂದು ಗೋಡೆಗೆ ಅಂದೆಯೋ? ಮೂವತ್ತೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಬಿಟ್ಟ ಜಾಗ ಎಲ್ಲಿದೆ ಅಂತ ನೋಡೋದೇ ನನ್ನ ಅಭ್ಯಾಸ.

ನಾನು ಮದುವೆಯಾಗಿ ಈ ಊರಿಗೆ ಬಂದು ನಲವತ್ತೆಂಟು ವರ್ಷ. ಮೊನ್ನೆಯೂ ತರಕಾರಿಯವಳು "ನೀವು ಯಾವ ಕಡೆಯವರಮ್ಮಾ?" ಅಂದಳು. ಈ ಕಡೆಯವಳೇ ಅಂದೆ. ನಕ್ಕು ಎರಡು ನಿಂಬೆಹಣ್ಣು ಹೆಚ್ಚಿಗೆ ಹಾಕಿದಳು, ಪಾಪ ಅನ್ನೋ ಹಾಗೆ.

ಆ ನಿಯಮ ಬೇಕು ಅಂತ ಕೇಳಿದವರು ಯಾರು? ಆಸ್ಪತ್ರೆಯವರಿಗೆ ತಾವಾಗಿಯೇ ಇಷ್ಟೆಲ್ಲ ಹೊಳೆಯೋದಿಲ್ಲ. ಬೆರಳು ಹೇಗಿದೆ ಅಂತ ನೋಡಿಕೊಂಡು ಬಂದು ಬರೆ.

ಅಕ್ಕ

&nbsp;

ಏಪ್ರಿಲ್ 9

ಅಕ್ಕಾ,

ನೀನು ಯಾವಾಗಲೂ ಹೀಗೆಯೇ. ಊರಿನ ಅನ್ಯಾಯ ಹೇಳಲು ಹೊರಟರೆ ನನ್ನ ಕಾಲರು ಹಿಡಿಯುತ್ತೀ.

ನಿಯಮ ಕೇಳಿದ್ದು ಹಿರಿಯ ನಾಗರಿಕರ ಸಮಿತಿ. ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಕಳೆದ ನವೆಂಬರಿನಲ್ಲಿ ಮನವಿ ಕೊಟ್ಟರು. ಇನ್ನೂರ ಹನ್ನೆರಡು ಸಹಿ. ಎಲ್ಲರೂ ಹಾಕಿದರು, ನಾನೂ ಹಾಕಿದೆ.

ಅಷ್ಟಕ್ಕೇ ನಮ್ಮನ್ನು ರಾಕ್ಷಸರೆಂದು ತಿಳಿಯಬೇಡ. ನೀನು ಬಿಟ್ಟುಹೋದ ಊರಲ್ಲ ಇದು. ಬೆಳಿಗ್ಗೆ ಐದೂವರೆಗೆ ಸಾಲು ಶುರುವಾಗುತ್ತಿತ್ತು. ಕಟ್ಟಡ ಕೆಲಸದವರು, ಗೋದಾಮಿನವರು, ಮನೆಮನೆಗೆ ಸಾಮಾನು ತಲುಪಿಸುವವರು, ಎಲ್ಲರೂ ಕೆಲಸಕ್ಕೆ ಹೋಗುವ ಮೊದಲೇ ಬಂದು ನಿಲ್ಲುವರು. ನಮ್ಮಂಥವರಿಗೆ ಮಂಡಿ ಮಡಿಸಿ ಬಿಡಿಸುವುದರಲ್ಲೇ ಏಳು ಗಂಟೆ. ಅಕ್ಟೋಬರಿನಲ್ಲಿ ಕೊನೆಯ ಮನೆಯ ಟೀಚರಮ್ಮ ನಲವತ್ತೊಂದನೆಯವರಾಗಿ ನಿಂತವರು ಅಲ್ಲೇ ಕುಸಿದು ಸೊಂಟ ಮುರಿದುಕೊಂಡರು. ಸುತ್ತ ಇದ್ದವರೆಲ್ಲ ಏನೋ ಹೇಳುತ್ತಿದ್ದರು, ಅವರಿಗೆ ಒಂದು ಮಾತೂ ಅರ್ಥವಾಗಲಿಲ್ಲವಂತೆ. ತನ್ನ ಬೀದಿಯಲ್ಲೇ ಬಿದ್ದು ಪರದೇಶಿಯಾದೆ ಎಂದು ಅತ್ತರು. ಅದಕ್ಕೆ ನೀನೇನು ಹೇಳುತ್ತೀ?

ಪಾರ್ಕಿನ ಬೆಂಚಿನಲ್ಲಿ ದಿನವೂ ಇದೇ ಮಾತು. ನಿವೃತ್ತ ಕಂಡಕ್ಟರು ಹೇಳುತ್ತಾರೆ: "ಮೊದಲೆಲ್ಲ ಹತ್ತೋರ ಮುಖ ನೋಡಿ ಸ್ಟಾಪು ಹೇಳ್ತಿದ್ದೆ ಕಣ್ರೀ. ಈಗ ನಾನು ಹತ್ತಿದ್ರೆ, ಎಲ್ಲಿ ಇಳೀಬೇಕು ತಾತ, ದಾರಿ ಗೊತ್ತಾ ಅಂತ ನನ್ನನ್ನೇ ಕೇಳ್ತಾರೆ!" ನಾವೆಲ್ಲ ನಗುತ್ತೇವೆ. ನಕ್ಕಾದ ಮೇಲೆ ಒಬ್ಬೊಬ್ಬರೇ ಎದ್ದು ಮನೆಗೆ ಹೊರಡುತ್ತೇವೆ.

ಹೊಲಿಗೆಯಮ್ಮನನ್ನು ನೋಡಿ ಬಂದೆ. ಸುಮ್ಮನೆ ಹೋಗುವುದು ಹೇಗೆಂದು ಪ್ಯಾಂಟೊಂದನ್ನು ಹಿಡಿದುಕೊಂಡು ಹೋಗಿದ್ದೆ, ಅಂಚು ಸ್ವಲ್ಪ ಗಿಡ್ಡ ಮಾಡಬೇಕೆಂದು. ಅದಕ್ಕೆ ಏನೂ ಆಗಿರಲಿಲ್ಲ. ಆ ದಿನ ಅವಳು ಹನ್ನೊಂದಕ್ಕೆ ಮತ್ತೆ ಹೋಗಿದ್ದಳಂತೆ. ಸಾಲು ಉದ್ದವಿತ್ತು, ಡಾಕ್ಟರು ಹೊರಟರು. ಮಾರನೆಯ ದಿನವೂ ಹಾಗೆಯೇ. ಆಮೇಲೆ ಔಷಧಿ ಅಂಗಡಿಯವನು ಕೊಟ್ಟ ಪುಡಿ ಹಾಕಿ ಕಟ್ಟಿಕೊಂಡಿದ್ದಾಳೆ. ಬೆರಳು ಊದಿದೆ. ಎಡಗೈಯಿಂದ ಹೊಲಿಯುತ್ತಿದ್ದಾಳೆ. ನನ್ನ ಪ್ಯಾಂಟು ಈಗ ಕಣಕಾಲಿನ ಮೇಲೆ ನಿಂತಿದೆ. ಅದನ್ನೇ ಹಾಕಿಕೊಂಡು ತಿರುಗುತ್ತಿದ್ದೇನೆ.

ಮನವಿಯನ್ನು ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯೇ ಪೂರ್ತಿ ಅಚ್ಚುಹಾಕಿತ್ತು. ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ನೀನೇ ಓದು. ಅದರಲ್ಲಿ ಒಂದು ಕೆಟ್ಟ ಮಾತೂ ಇಲ್ಲ.

ತಮ್ಮ

&nbsp;

ಏಪ್ರಿಲ್ 20

ತಮ್ಮಾ,

ಓದಿದೆ. ನಿಜ, ಒಂದೂ ಕೆಟ್ಟ ಮಾತಿಲ್ಲ.

"ಯಾರ ಮೇಲೂ ನಮಗೆ ದ್ವೇಷವಿಲ್ಲ, ನಮ್ಮ ಸರದಿಯನ್ನಷ್ಟೇ ಕೇಳುತ್ತಿದ್ದೇವೆ." ಬ್ಯಾಂಕ್ ಮ್ಯಾನೇಜರು ಹೀಗೆ ಬರೀತಾರಾ? ನಿನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಿದ್ದೆ. "ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಕಿಟಕಿ ಪಕ್ಕದ ಮಂಚವನ್ನಷ್ಟೇ ಕೇಳುತ್ತಿದ್ದೇನೆ." ಅಪ್ಪ ಅದನ್ನು ಬಂದವರಿಗೆಲ್ಲ ಓದಿ ಹೇಳಿ ಮೆಚ್ಚಿಕೊಂಡರು. ಮಂಚ ನಿನಗೇ ಸಿಕ್ಕಿತು. ನಾನು ಮದುವೆಯಾಗುವವರೆಗೂ ಬಾಗಿಲ ಪಕ್ಕ ಮಲಗಿದೆ, ಎಲ್ಲರೂ ನನ್ನ ಕಾಲು ದಾಟಿಕೊಂಡು ಓಡಾಡ್ತಿದ್ದರು.

ಇದನ್ನು ಬರೆದವನು ನೀನು. ಹೌದೋ ಅಲ್ಲವೋ? ಬೇರೆ ಏನೂ ಬರೆಯಬೇಡ, ಅದನ್ನು ಬರೆ.

ಅಕ್ಕ

&nbsp;

ಮೇ 14 (ಕಾರ್ಡು)

ಮೂರು ವಾರ ಆಯ್ತು, ಉತ್ತರ ಇಲ್ಲ. ಕಾಲು ಮುರಿದಿದ್ದರೆ ಹೇಳು, ಹೊರಟು ಬರ್ತೀನಿ. ನಾಚಿಕೆಯಾಗಿದ್ದರೆ ಬೇಗ ಬರೆ. ನನಗೂ ಎಪ್ಪತ್ತಾರು ತುಂಬಿತು. — ಅಕ್ಕ

&nbsp;

ಜೂನ್ 3

ಅಕ್ಕಾ,

ಹೌದು.

ಇಷ್ಟು ಬರೆಯಲು ನನಗೆ ಆರು ವಾರ ಹಿಡಿಯಿತು. ಇದಕ್ಕೆ ಮೊದಲು ನಾಲ್ಕು ಕಾಗದ ಬರೆದು ಹರಿದೆ. ನಾಲ್ಕೂ ಚೆನ್ನಾಗಿ ಬಂದಿದ್ದವು, ಅದಕ್ಕೇ ಹರಿದೆ.

ನಡೆದದ್ದು ಇಷ್ಟು. ನವೆಂಬರಿನ ಮೊದಲ ವಾರ ಮ್ಯಾನೇಜರು ಒಂದು ಕರಡು ತಂದು, "ಸ್ವಲ್ಪ ಕಣ್ಣಾಡಿಸಿ ಕೊಡಿ ಸಾರ್, ನೀವು ಪತ್ರಿಕೆಯಲ್ಲಿದ್ದೋರು" ಎಂದರು. ಓದಿದರೆ ಮೈ ಉರಿಯುವಂಥ ಬರಹ. ಬಂದವರು ಕೊಳಕರು, ಕಳ್ಳರು, ಇವರನ್ನೆಲ್ಲ ಬಸ್ಸು ಹತ್ತಿಸಬೇಕು, ಹೀಗೆ ಮೂರು ಪುಟ. ಅದನ್ನು ಹಾಗೆಯೇ ಕೊಟ್ಟಿದ್ದರೆ ಅಧಿಕಾರಿ ಮುಖ ಸಿಂಡರಿಸಿ ಕಸದ ಬುಟ್ಟಿಗೆ ಹಾಕುತ್ತಿದ್ದ. ನನಗೆ ಅದು ಗೊತ್ತಿತ್ತು. ಸುಮ್ಮನೆ ವಾಪಸು ಕೊಡಬಹುದಿತ್ತು.

ನಲವತ್ತು ವರ್ಷ ಕರಡು ತಿದ್ದಿದ ಕೈ. ಕೆಟ್ಟ ಬರಹ ಎದುರಿಗಿದ್ದರೆ ಅದಕ್ಕೆ ಸುಮ್ಮನಿರಲು ಬರುವುದಿಲ್ಲ. ಊಟ ಮುಗಿಸಿ ಕೂತವನು ಸಂಜೆಯವರೆಗೆ ಏಳಲಿಲ್ಲ. ಒಂದೊಂದೇ ಬೈಗುಳ ಹೊಡೆದುಹಾಕಿದೆ. ವಿಷವನ್ನೆಲ್ಲ ತೆಗೆಯುತ್ತಿದ್ದೇನೆ, ಊರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡೆ. ಕಳ್ಳರು ಎಂದಿದ್ದ ಕಡೆ 'ಇತರರು' ಎಂದು ಬರೆದೆ. ಬೇಡಿಕೆ ಎಂದರೆ ಜಾರಿಗೆ ತರುವಂತಿರಬೇಕಲ್ಲ, ಹದಿನೈದು ವರ್ಷ, ಹನ್ನೊಂದು ಗಂಟೆ, ಅವೂ ನನ್ನವೇ. ಮ್ಯಾನೇಜರು ಓದಿ, "ಏನ್ ಸಾರ್, ನನ್ನ ಬೈಗುಳನೆಲ್ಲ ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದೀರಿ!" ಎಂದು ತಬ್ಬಿಕೊಂಡರು. ನಾನು ಹಿಗ್ಗಿದೆ. ಆ ಸಂಜೆ ಹಿಗ್ಗಿದ್ದು ನಿಜ, ಅಕ್ಕಾ. ಅದನ್ನೂ ಬರೆಯಬೇಕು.

ಮಾರ್ಚ್ ಹದಿನೆಂಟರಂದು ನಾನು ಪ್ರತಿಭಟಿಸಲಿಲ್ಲ. ಅವಳು ಹಿಂತಿರುಗಿ ಸಾಲಿನತ್ತ ನೋಡಿದಾಗ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಅವಳ ಬೆರಳು ಹೋಯಿತು. ಏಪ್ರಿಲ್ ಕೊನೆಗೆ ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಕೀವು ಮೂಳೆಗೆ ಇಳಿದಿತ್ತು. ಎರಡನೇ ಗೆಣ್ಣಿನವರೆಗೆ ಕತ್ತರಿಸಿದರು. ಒಂದು ದಿನ ಬಿಟ್ಟು ಒಂದು ದಿನ ಪಟ್ಟಿ ಬದಲಿಸಬೇಕು, ಇಲ್ಲದಿದ್ದರೆ ಪಕ್ಕದ ಬೆರಳಿಗೂ ಹತ್ತಬಹುದು ಎಂದು ಬರೆದುಕೊಟ್ಟು, ಇಲ್ಲಿಯ ಆಸ್ಪತ್ರೆಗೇ ಕಳಿಸಿದ್ದಾರೆ. ಮಷೀನು ಮಾರಿದಳು. ಶಾಲೆಯೊಂದರಲ್ಲಿ ಗುಡಿಸುವ ಕೆಲಸ, ಹತ್ತರಿಂದ ನಾಲ್ಕು. ಆಸ್ಪತ್ರೆ ಅವಳಿಗೆ ತೆರೆಯುವುದು ಹನ್ನೊಂದಕ್ಕೆ.

ಮೇ ಇಪ್ಪತ್ತರಂದು ನಮ್ಮ ಮನೆಗೆ ಬಂದಳು. ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರಲಿಲ್ಲ.

"ಸಾರ್, ನಂಗೊಂದು ಅರ್ಜಿ ಬರೆದುಕೊಡಬೇಕು. ಕೆಲಸಕ್ಕೆ ಹೋಗೋ ಮುಂಚೆ ಪಟ್ಟಿ ಕಟ್ಟಿಸ್ಕೊಳ್ಳೋಕೆ ಬಿಡಿ ಅಂತ."

"ಬರೆಯೋಣಮ್ಮ."

"ಸುಮ್ನೆ ಬರೆದ್ರೆ ಆಗಲ್ಲ ಸಾರ್. ಆ ಸಮಿತಿ ಕಾಗದ ಇದೆಯಲ್ಲ, ಹಂಗೇ ಬರೀಬೇಕು. ಗುಮಾಸ್ತ ಹೇಳ್ದ, ಅದನ್ನ ಓದಿ ಸಾಹೇಬ್ರು ಒಂದೇ ದಿನದಲ್ಲಿ ಸಹಿ ಹಾಕಿದ್ರಂತೆ. ಯಾರೋ ತುಂಬಾ ಓದಿದೋರು ಬರೆದಿರಬೇಕು. ನಿಮಗೆ ಗೊತ್ತಾ ಅವರು?"

ನಾನು ಕನ್ನಡಕ ಒರೆಸಿಕೊಂಡೆ. ನೋಡೋಣ, ನಾನೇ ಪ್ರಯತ್ನಿಸುತ್ತೇನೆ ಎಂದೆ.

ಬರೆದೆ. ಎಡಗೈಯಲ್ಲಿ ಸಹಿ ಹಾಕಿದಳು. ಆ ಸಹಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಅರ್ಜಿ ಹೋಗಿದೆ. ಉತ್ತರ ಬಂದರೆ ತಿಳಿಸುತ್ತೇನೆ.

ತಮ್ಮ

&nbsp;

ಜೂನ್ 15

ತಮ್ಮಾ,

ಬೈಯೋಣ ಅಂತ ಕೂತೆ. ಆಗಲಿಲ್ಲ. ಯಾಕೆ ಅಂತ ಹೇಳಿಬಿಡ್ತೀನಿ. ಏಪ್ರಿಲಿನಲ್ಲಿ ನಿನ್ನನ್ನು ಹಿಡಿದು ಅಲ್ಲಾಡಿಸಿದಾಗಲೇ ಹೇಳಬೇಕಿತ್ತು. ನಿನ್ನನ್ನು ಬೈಯುವಷ್ಟು ಹೊತ್ತು ನನ್ನದು ಮರೆತಿರುತ್ತಲ್ಲ ಅಂತ ಸುಮ್ಮನಿದ್ದೆ.

ನಮ್ಮ ಕಟ್ಟಡದ ಗೇಟಿನ ಹೊರಗೆ ಒಂದು ಕಲ್ಲುಬೆಂಚು ಇತ್ತು. ಎರಡು ವರ್ಷದಿಂದ ಗಾರೆ ಕೆಲಸದವರು ಸಂಜೆ ಬಂದು ಕೂರೋರು. ಫೋನಿನಲ್ಲಿ ಮನೆಯವರ ಜೊತೆ ಗಟ್ಟಿಯಾಗಿ ಮಾತಾಡೋರು, ಅಷ್ಟೇ. ಅವರ ಮಾತು ನನಗೆ ಗೊತ್ತಿಲ್ಲ. ಬೆಂಚು ಕೀಳಿಸಬೇಕು ಅಂತ ಕಾಗದ ತಂದಾಗ ನಾನು ಸಹಿ ಹಾಕಿದೆ. ಯಾಕೆ ಗೊತ್ತಾ? ಕಾಗದ ತಂದಾಕೆ "ನಮ್ಮಂಥ ಹಳಬರು ಹೇಳಿದ್ರೆ ತೂಕ ಇರುತ್ತೆ ಅಕ್ಕಾ" ಅಂದಳು. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಈ ಊರಿನವಳೊಬ್ಬಳು ನನ್ನನ್ನು ಹಳಬರು ಅಂದಳು. ಆ ಒಂದು ಮಾತಿಗೆ ನಾನು ಏನು ಬೇಕಾದರೂ ಬರೆದುಕೊಡ್ತಿದ್ದೆ.

ಈಗ ಮಾರ್ಕೆಟ್ಟಿನಿಂದ ಬಂದು ಉಸಿರು ಬಿಡೋಕೆ ನನಗೂ ಬೆಂಚಿಲ್ಲ. ಗೇಟಿನ ಕಂಬ ಹಿಡಿದು ನಿಲ್ತೀನಿ. ಇರಲಿ, ಬೆಂಚು ಹೋಗಿದ್ದಕ್ಕೆ ಯಾರ ಬೆರಳೂ ಹೋಗಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಒಂದು ಕೆಲಸ ಮಾಡು. ಮ್ಯಾನೇಜರ ಆ ಮೊದಲ ಕರಡು ನನಗೆ ಕಳಿಸು. ನೀನು ಒಂದು ಚೂರು ಕಾಗದವನ್ನೂ ಎಸೆದವನಲ್ಲ, ಇದ್ದೇ ಇರುತ್ತೆ. ಬೈಗುಳ ತೆಗೆದೆ ಅಂದೆ. ಬೇರೇನಾದರೂ ತೆಗೆದೆಯಾ?

ಅಕ್ಕ

&nbsp;

ಜೂನ್ 28

ಅಕ್ಕಾ,

ನೀನು ಕೇಳದೇ ಇದ್ದಿದ್ದರೆ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಅಲಮಾರಿನಲ್ಲಿ ಎಲ್ಲಿದೆ ಎಂದು ಮೊದಲ ದಿನದಿಂದಲೂ ಗೊತ್ತಿತ್ತು. ಏನಿದೆ ಎಂದೂ ಗೊತ್ತಿತ್ತು. ಕರಡು ಇದರೊಂದಿಗೆ ಇದೆ. ಮೂರನೇ ಪುಟ ನೋಡು, ಎಡ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬರೆದದ್ದು.

ಅವಳ ಅರ್ಜಿ ಮೊನ್ನೆ ತಿರಸ್ಕೃತವಾಗಿ ಬಂತು. ಅವಳೇ ತಂದು ತೋರಿಸಿದಳು. ಕಾರಣ ಓದಿ ಹೇಳಿ ಎಂದಳು. ಓದಿದೆ. ಆಮೇಲೆ, ಅಕ್ಕಾ, ಸಮಿತಿಯ ಕಾಗದ ಬರೆದವನು ನಾನೇ ಎಂದು ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ಪಟ್ಟಿಯ ಅಂಚನ್ನು ಒತ್ತಿಕೊಂಡಳು. ಆಮೇಲೆ ಕೇಳಿದಳು. "ಹಂಗಾದ್ರೆ ನನ್ನ ಅರ್ಜಿನ ಯಾಕೆ ಅಷ್ಟು ಚೆನ್ನಾಗಿ ಬರೀಲಿಲ್ಲ ಸಾರ್?"

ನಿನ್ನೆ ಕೂತು ಕೆಳಗಿನದನ್ನು ಬರೆದೆ. ವಾರ್ಡ್ ಅಧಿಕಾರಿಗೆ ಒಂದು ಪ್ರತಿ, ಪತ್ರಿಕೆಗೆ ಒಂದು, ಆಸ್ಪತ್ರೆಯ ಗೋಡೆಗೆ ಒಂದು, ನಿನಗೆ ಒಂದು. ಪಾರ್ಕಿನಲ್ಲಿ ಓದಿದೆ. ಕಂಡಕ್ಟರು ಎದ್ದು ಹೋದರು. ಮ್ಯಾನೇಜರು, "ನಮ್ಮನ್ನೆಲ್ಲ ಬೀದಿಗೆ ಎಳೀತಿದ್ದೀರಿ, ಟೀಚರಮ್ಮನ ಸೊಂಟ ಮರೆತ್ರಾ?" ಎಂದರು. ಮರೆತಿಲ್ಲ. ಅದಕ್ಕೆ ಇನ್ನೊಬ್ಬ ಡಾಕ್ಟರನ್ನು ಕೇಳಬೇಕಿತ್ತು, ಎರಡು ಕುರ್ಚಿ ಕೇಳಬೇಕಿತ್ತು. ಅದು ನಮಗೆ ಯಾರಿಗೂ ಹೊಳೆಯಲಿಲ್ಲ.

ಈ ಸಲ ತಿದ್ದಿಲ್ಲ. ಬರೆದ ಹಾಗೆಯೇ ಇದೆ.

ತಮ್ಮ

&nbsp;

ಜೂನ್ 27

ವಾರ್ಡ್ ಅಧಿಕಾರಿಗಳಿಗೆ, ಮತ್ತು ಈ ಬಡಾವಣೆಯ ಎಲ್ಲರಿಗೂ,

ಕಳೆದ ನವೆಂಬರಿನಲ್ಲಿ ಹಿರಿಯ ನಾಗರಿಕರ ಸಮಿತಿ ನಿಮಗೆ ಕೊಟ್ಟ ಮನವಿಯನ್ನು ಬರೆದವನು ನಾನು. ಅದರ ಭಾಷೆ ಸಭ್ಯವಾಗಿದೆಯೆಂದು ನೀವು ಒಂದೇ ದಿನದಲ್ಲಿ ಒಪ್ಪಿದಿರಿ. ಆ ಸಭ್ಯತೆ ನನ್ನದು. ಅದಕ್ಕಾಗಿ ನಾಚುತ್ತೇನೆ.

ನನಗೆ ಕೊಟ್ಟ ಕರಡಿನ ತುಂಬ ಬೈಗುಳವಿತ್ತು. ಆದರೆ ಅದನ್ನು ಬರೆದವರು ಮೂರನೇ ಪುಟದ ಅಂಚಿನಲ್ಲಿ, ಮರೆತು ಮತ್ತೆ ನೆನಪಾದಂತೆ, ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದರು: "ರಕ್ತ ಗಾಯ ಇದ್ದರೆ ಯಾರನ್ನಾದರೂ ಬಿಡಬೇಕು, ಪಾಪ." ಇಡೀ ಕರಡಿನಲ್ಲಿ ಮನುಷ್ಯರು ಆಡುವ ಮಾತು ಅದೊಂದೇ. ನಾನು ಅದನ್ನು ಹೊಡೆದುಹಾಕಿದೆ. ಮನವಿಗೆ ಹೊಂದುವುದಿಲ್ಲ, ಅಸ್ಪಷ್ಟವಾಗಿದೆ ಎನ್ನಿಸಿತು. ಅದರ ಜಾಗದಲ್ಲಿ, "ಯಾವ ವಿನಾಯಿತಿಗೂ ಅವಕಾಶವಿರಬಾರದು, ವಿನಾಯಿತಿ ಇದ್ದಲ್ಲಿ ಶಿಫಾರಸು ನುಗ್ಗುತ್ತದೆ" ಎಂದು ಬರೆದೆ. ಆ ಸಾಲನ್ನು ಬರೆದಾಗ ನನ್ನನ್ನು ನಾನೇ ಮೆಚ್ಚಿಕೊಂಡೆ. ಮಾರ್ಚ್ ಹದಿನೆಂಟರಂದು ಅದೇ ಸಾಲು ಹೊಲಿಗೆಯ ಹೆಂಗಸೊಬ್ಬಳನ್ನು ಬಾಗಿಲಿನಿಂದ ವಾಪಸು ಕಳಿಸಿತು. ಈ ತಿಂಗಳು ಆಕೆಯ ಅರ್ಜಿಯನ್ನು ತಿರಸ್ಕರಿಸಲು ನೀವು ಉದ್ಧರಿಸಿದ್ದೂ ಅದೇ ಸಾಲನ್ನು. ಬೆರಳು ಕತ್ತರಿಸಿದ್ದು ದೊಡ್ಡಾಸ್ಪತ್ರೆಯಾದರೂ ಆ ಕೆಲಸ ಶುರುವಾದದ್ದು ನನ್ನ ಮೇಜಿನ ಮೇಲೆ.

ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಅದರಿಂದ ಏನೂ ಸರಿಹೋಗುವುದಿಲ್ಲವೆಂದು ಬಲ್ಲೆ. ಆಕೆಗೆ ನಾಳೆ ಪಟ್ಟಿ ಬದಲಿಸಬೇಕು, ನಾಡಿದ್ದು ಬಿಟ್ಟು ಆಚೆ ನಾಡಿದ್ದು ಮತ್ತೆ ಬದಲಿಸಬೇಕು. ಬೋರ್ಡು ಇಂದಿಗೂ ಗೋಡೆಯ ಮೇಲಿದೆ.

ಜುಲೈ ಏಳರಂದು ಶಾಲೆಯ ಸಭಾಂಗಣದಲ್ಲಿ ವಾರ್ಡ್ ಸಭೆ ಇದೆ. ಇನ್ನೂರ ಹನ್ನೆರಡು ಮಂದಿಯೂ ಬರಬೇಕು. ನನ್ನನ್ನು ಮೊದಲು ನಿಲ್ಲಿಸಿ ಕೇಳಿ, ಹೇಳುತ್ತೇನೆ. ಆಮೇಲೆ ಅಧಿಕಾರಿಗಳೇ, ನೀವು ಹೇಳಬೇಕು. ಒಬ್ಬಾಕೆಯ ಬೆರಳು ಹೋದ ಮೇಲೂ ಈ ನಿಯಮ ಯಾರ ಆರೋಗ್ಯಕ್ಕಾಗಿ ಉಳಿದಿದೆ? ಅದನ್ನು ಯಾವ ದಿನ ತೆಗೆಯುತ್ತೀರಿ? ಉತ್ತರವನ್ನು ನನಗೆ ಕಾಗದದಲ್ಲಿ ಕಳಿಸಬೇಡಿ, ಕಾಗದ ಹೇಗೆ ಬರೆಯುತ್ತಾರೆಂದು ನನಗೆ ಗೊತ್ತು. ಆಕೆ ಅಂದು ಸಭೆಗೆ ಬರುತ್ತೇನೆ ಎಂದಿದ್ದಾಳೆ. ಮೈಕಿನ ಮುಂದೆ ನಿಂತು, ಆಕೆಯ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿ.